ಬೋರ್ಡ್‌ನ ಕೊನೆಯ ಸಾಲು ಓದಿದರೆ ಸಾಲದು

ಕಣ್ಣು ಚೆನ್ನಾಗಿದೆ ಅಂತ ನಾವು ಯಾವಾಗ ಹೇಳುತ್ತೇವೆ? ದೂರದಿಂದ ಬರುವ ಬಸ್ಸಿನ ಬೋರ್ಡ್ ಓದಲು ಬಂದರೆ, ಸೂಜಿಗೆ ದಾರ ಪೋಣಿಸಲು ಬಂದರೆ, ಕನ್ನಡಕದ ಅಂಗಡಿಯಲ್ಲಿ ಗೋಡೆ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ತಡವರಿಸದೆ ಹೇಳಿದರೆ. ಗ್ಲಾಕೋಮಾ ಇರುವ ಕಣ್ಣು ಈ ಮೂರನ್ನೂ ಮಾಡುತ್ತದೆ. ವರ್ಷಗಟ್ಟಲೆ ಮಾಡುತ್ತದೆ. ಅಷ್ಟರಲ್ಲಿ ಕಣ್ಣಿನಿಂದ ಮಿದುಳಿಗೆ ಹೋಗುವ ನರದಲ್ಲಿ ಎಳೆಗಳು ಒಂದೊಂದಾಗಿ ಸತ್ತಿರುತ್ತವೆ. ಸತ್ತದ್ದು ವಾಪಸ್ ಬರುವುದಿಲ್ಲ.

ನನ್ನ ಅಮ್ಮನಿಗೆ ಈ ಕಾಯಿಲೆ ಇದೆ. ಓದುವ ಕನ್ನಡಕ ಬದಲಿಸೋಣ ಅಂತ ಶಿವಮೊಗ್ಗದಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಾಗ ಗೊತ್ತಾಯಿತು. ಬೋರ್ಡ್ ಪೂರ್ತಿ ಓದಿದ್ದಳು. ಕಣ್ಣಿನ ಪ್ರೆಶರ್ 17 ಬಂದಿತ್ತು, ಅದೂ ಸರಿಯೇ. ಅಲ್ಲಿಗೆ ಚೀಟಿ ಬರೆದು ಕಳಿಸಬಹುದಿತ್ತು. ಆ ಡಾಕ್ಟರು ಕಳಿಸಲಿಲ್ಲ. ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿಸಿ, ಹಿಂದಿನ ನರ ನೋಡಿದರು, ಎಡಗಣ್ಣಿನ ನರ ಬಲಗಣ್ಣಿನದಕ್ಕಿಂತ ಜಾಸ್ತಿ ಸವೆದಿದೆ ಅಂದರು. ಅವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಓದಿದ್ದೇನೆ, ಡಾಕ್ಟರುಗಳನ್ನು ಕೇಳಿದ್ದೇನೆ, ನಾನೂ ಈ ಎಲ್ಲ ಪರೀಕ್ಷೆಗಳಿಗೆ ಕೂತಿದ್ದೇನೆ. ಯಾಕೆ ಅಂದರೆ ಇದು ಮನೆತನದಲ್ಲಿ ಹರಿದು ಬರುವ ಕಾಯಿಲೆ.

ನಮ್ಮಲ್ಲಿ ಎಲ್ಲರೂ ಒಂದು ನಂಬರ್ ಕೇಳುತ್ತಾರೆ. ಪ್ರೆಶರ್ ಎಷ್ಟು? ಅದಕ್ಕೆ ಉತ್ತರ ಸಿಕ್ಕ ಕೂಡಲೇ ಸಮಾಧಾನ. ಆದರೆ ಗ್ಲಾಕೋಮಾ ಒಂದು ನಂಬರಿನಲ್ಲಿ ಸಿಕ್ಕುವುದಿಲ್ಲ. ನರವನ್ನು ನೋಡಬೇಕು, ಮತ್ತೆ ಮತ್ತೆ ನೋಡಬೇಕು, ಹೋದ ವರ್ಷದ್ದರ ಪಕ್ಕ ಈ ವರ್ಷದ್ದನ್ನು ಇಟ್ಟು ನೋಡಬೇಕು.

ಕಣ್ಣಿನ ಒಳಗೆ ಏನಾಗುತ್ತದೆ ಅನ್ನುವುದು ಅಷ್ಟೇನೂ ಕಷ್ಟದ ವಿಷಯವಲ್ಲ. ಕಣ್ಣಿನ ಮುಂಭಾಗದಲ್ಲಿ ನೀರಿನಂಥ ಒಂದು ದ್ರವ ಹಗಲು ರಾತ್ರಿ ಹುಟ್ಟುತ್ತಾ ಇರುತ್ತದೆ. ಕಣ್ಣೀರಲ್ಲ, ಇದು ಒಳಗೇ ಇರುವುದು. ನಿಮಿಷಕ್ಕೆ ಎರಡು ಮೂರು ಮೈಕ್ರೋಲೀಟರ್ ಅಷ್ಟೇ. ಕಣ್ಣಿನ ಬಣ್ಣದ ಪರದೆ ಇದೆಯಲ್ಲ, ಐರಿಸ್, ಅದರ ಹಿಂದೆ ಹುಟ್ಟಿ, ಪಾಪೆಯ ಮೂಲಕ ಮುಂದೆ ಬಂದು, ಐರಿಸ್ ಮತ್ತು ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಸೇರುವ ಮೂಲೆಯಲ್ಲಿರುವ ಸಣ್ಣ ಜಾಲರಿಯಿಂದ ಹೊರಗೆ ಹೋಗುತ್ತದೆ. ಈ ಮೂಲೆಗೆ ಡಾಕ್ಟರುಗಳು ಆ್ಯಂಗಲ್ ಅನ್ನುತ್ತಾರೆ. ಹುಟ್ಟುವಷ್ಟೇ ಹೊರಗೆ ಹೋಗುತ್ತಿದ್ದರೆ ಒತ್ತಡ ಸಮವಾಗಿರುತ್ತದೆ. ಜಾಲರಿ ನಿಧಾನಕ್ಕೆ ಕೆಟ್ಟರೆ, ಇಲ್ಲವೇ ಆ ಮೂಲೆಯೇ ಮುಚ್ಚಿಕೊಂಡರೆ, ಒತ್ತಡ ಏರುತ್ತದೆ. ಆ ಒತ್ತಡದ ಪೆಟ್ಟು ಬೀಳುವುದು ಹಿಂದಗಡೆ, ನರ ಕಣ್ಣಿನಿಂದ ಹೊರಗೆ ಹೊರಡುವ ಜಾಗದಲ್ಲಿ. ಅಲ್ಲಿ ಸುಮಾರು 10ರಿಂದ 12 ಲಕ್ಷ ಎಳೆಗಳು ಕಣ್ಣಿನ ಹಿಂದಿನ ಪರದೆಯ (ರೆಟಿನಾ) ಎಲ್ಲ ಕಡೆಯಿಂದ ಬಂದು ಒಟ್ಟಾಗಿ, ಒಂದು ಬಟಾಣಿ ಕಾಳಿಗಿಂತ ಸಣ್ಣ ವೃತ್ತದ ಮೂಲಕ ಬಾಗಿ ಹೊರಗೆ ಹೋಗುತ್ತವೆ.

ಮೊದಲು ಸಾಯುವ ಎಳೆಗಳು ಸಾಮಾನ್ಯವಾಗಿ ನಟ್ಟನಡುವಿನ ದೃಷ್ಟಿಯವಲ್ಲ. ಮುಖ ನೋಡುವುದು, ಪೇಪರ್ ಓದುವುದು, ಅಕ್ಕಿ ಆರಿಸುವುದು ಎಲ್ಲ ನಡುವಿನ ದೃಷ್ಟಿಯ ಕೆಲಸ. ಅದು ಹೆಚ್ಚಿನವರಲ್ಲಿ ಕೊನೆಯವರೆಗೂ ಉಳಿಯುತ್ತದೆ. ಹೋಗುವುದು ಅಕ್ಕಪಕ್ಕ, ಮೇಲೆ ಕೆಳಗೆ, ಮೂಗಿನ ಕಡೆ. ಅದೂ ಕಪ್ಪಾಗಿ ಕಾಣುವುದಿಲ್ಲ. ಎರಡು ಕಣ್ಣಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ. ಅದೂ ಸಾಲದಿದ್ದರೆ ಮಿದುಳು, ಹರಿದ ಸೀರೆಗೆ ಅದೇ ಬಣ್ಣದ ನೂಲಲ್ಲಿ ರಫು ಹಾಕುವ ಹಾಗೆ, ಸುತ್ತ ಇರುವುದನ್ನೇ ಎಳೆದು ತೂತನ್ನು ಮುಚ್ಚಿಬಿಡುತ್ತದೆ.

ಇದು ನಂಬಲು ಕಷ್ಟ ಅನ್ನಿಸಿದರೆ ಈಗಲೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಆರೋಗ್ಯವಾಗಿರುವ ಕಣ್ಣಿನಲ್ಲೂ ಒಂದು ಕುರುಡು ಚುಕ್ಕೆ ಇರುತ್ತದೆ, ನರ ಹೊರಡುವ ಜಾಗದಲ್ಲೇ. ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳುಗಳನ್ನು ಮೇಲೆ ಮಾಡಿ ಜೋಡಿಸಿ ಹಿಡಿಯಿರಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಎಡ ಹೆಬ್ಬೆರಳನ್ನೇ ನೋಡುತ್ತಾ, ಬಲಗೈಯನ್ನು ಮೆಲ್ಲಗೆ ಬಲಕ್ಕೆ ಸರಿಸಿ. ಸುಮಾರು ಮುಕ್ಕಾಲು ಗೇಣು ದೂರ ಹೋದಾಗ ಬಲ ಹೆಬ್ಬೆರಳಿನ ತುದಿ ಮಾಯವಾಗುತ್ತದೆ. ಅಲ್ಲಿ ಕಪ್ಪು ತೂತು ಕಾಣುವುದಿಲ್ಲ. ಹಿಂದಿನ ಗೋಡೆಯೋ ಬಾಗಿಲೋ ಸುಮ್ನೆ ಮುಂದುವರಿಯುತ್ತದೆ. ಫ್ರಾನ್ಸಿನ ಮಾರಿಯೋಟ್ 1660ರ ದಶಕದಲ್ಲಿ ಇದನ್ನು ಕಂಡುಹಿಡಿದ. ಹುಟ್ಟಿದಾಗಿನಿಂದ ಇರುವ ತೂತು ನಮಗೆ ಗೊತ್ತೇ ಇರಲಿಲ್ಲ, ಅಲ್ವಾ? ಗ್ಲಾಕೋಮಾ ಮಾಡುವ ತೂತೂ ಹೀಗೇ ಗೊತ್ತಾಗದೆ ಬೆಳೆಯುತ್ತದೆ.

ಮೆಟ್ಟಿಲು ಇಳಿಯುವಾಗ ಒಂದು ಮೆಟ್ಟಿಲು ತಪ್ಪುವುದು, ಪಕ್ಕದಿಂದ ಬಂದ ಬೈಕ್ ನೋಡಿ ಇದೆಲ್ಲಿಂದ ಬಂತು ಅಂತ ಬೆಚ್ಚುವುದು, ಬಾಗಿಲ ಚೌಕಟ್ಟಿಗೆ ಭುಜ ತಾಗುವುದು. ಇವನ್ನು ಗ್ಲಾಕೋಮಾದ ಲಕ್ಷಣ ಅಂತ ಬರೆಯುತ್ತಾರೆ. ನಿಜ, ಆದರೆ ಇವು ಬರುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ. ಲಕ್ಷಣಕ್ಕೆ ಕಾದರೆ ಇದನ್ನು ಬೇಗ ಹಿಡಿಯಲು ಆಗುವುದೇ ಇಲ್ಲ. ನಮ್ಮ ದೇಶದಲ್ಲಿ 40 ದಾಟಿದವರಲ್ಲಿ ಸುಮಾರು 1.1 ಕೋಟಿ ಜನರಿಗೆ ಗ್ಲಾಕೋಮಾ ಇದೆ ಅಂತ ಅಂದಾಜು. ದಕ್ಷಿಣ ಭಾರತದಲ್ಲಿ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆಗಳಲ್ಲಿ, ಕಾಯಿಲೆ ಸಿಕ್ಕವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಅದು ತಮಗಿದೆ ಅನ್ನುವುದೇ ಗೊತ್ತಿರಲಿಲ್ಲ. ಈ ಸಂಖ್ಯೆ ಓದಿದಾಗ ನನಗೆ ನಿಜವಾಗಿ ಸಂಕಟವಾಯಿತು.

ಈಗ ಪ್ರೆಶರ್ ವಿಷಯ. ಅಳೆಯುವ ರೀತಿ ಎರಡು ಮೂರು ಇವೆ. ಕಣ್ಣಿಗೆ ಪುಸ್ ಅಂತ ಗಾಳಿ ಊದುವ ಮೆಷಿನ್ ಎಲ್ಲರೂ ನೋಡಿರುತ್ತೀರಿ. ಬೇಗ ಆಗುತ್ತದೆ, ಕಣ್ಣು ಮುಟ್ಟುವುದಿಲ್ಲ, ಜನ ಜಾಸ್ತಿ ಇರುವ ಕಡೆ ಅನುಕೂಲ. ಆದರೆ ಗ್ಲಾಕೋಮಾ ಡಾಕ್ಟರುಗಳು ನಂಬುವುದು ಗೋಲ್ಡ್‌ಮನ್ ಟೋನೋಮೀಟರ್. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿದ್ದ ಹಾನ್ಸ್ ಗೋಲ್ಡ್‌ಮನ್ 1950ರ ದಶಕದಲ್ಲಿ ಮಾಡಿದ್ದು, ಇವತ್ತಿಗೂ ಬದಲಾಗಿಲ್ಲ. ಕಣ್ಣು ಮರಗಟ್ಟುವ ಒಂದು ಹನಿ, ಹಳದಿ ಬಣ್ಣದ ಇನ್ನೊಂದು ಹನಿ ಹಾಕುತ್ತಾರೆ. ಗದ್ದ ಇಟ್ಟು ಕೂತರೆ ಒಂದು ನೀಲಿ ದೀಪ ಹತ್ತಿರ ಹತ್ತಿರ ಬಂದು ಕಣ್ಣಿಗೆ ತಾಗುತ್ತದೆ, ನಮಗೆ ತಾಗಿದ್ದು ಗೊತ್ತೇ ಆಗುವುದಿಲ್ಲ. ಆ ಕಡೆ ಡಾಕ್ಟರಿಗೆ ಎರಡು ಹಸಿರು ಅರ್ಧವೃತ್ತ ಕಾಣುತ್ತಿರುತ್ತವೆ. ಪಕ್ಕದ ಗುಂಡಿ ತಿರುಗಿಸುತ್ತಾ ಎರಡರ ಒಳ ಅಂಚು ಸರಿಯಾಗಿ ಕೂಡಿದಾಗ ನಂಬರ್ ಓದುತ್ತಾರೆ. ಕಾರ್ನಿಯಾದ ಸುಮಾರು 3 ಮಿಲಿಮೀಟರ್ ಅಗಲದ ಜಾಗವನ್ನು ಚಪ್ಪಟೆ ಮಾಡಲು ಎಷ್ಟು ಒತ್ತಬೇಕಾಯಿತು ಅನ್ನುವುದೇ ಲೆಕ್ಕ.

10ರಿಂದ 21 ಮಿಲಿಮೀಟರ್ ಪಾದರಸ ಅನ್ನುವುದು ಸಾಮಾನ್ಯ ಅಂತ ರೂಢಿ. ಆದರೆ 21 ಎಲ್ಲಿಂದ ಬಂತು? ತುಂಬಾ ಜನರ ಕಣ್ಣು ಅಳೆದು, ಸರಾಸರಿ ತೆಗೆದು, ಹೆಚ್ಚಿನವರು ಇದರ ಕೆಳಗೇ ಇರುತ್ತಾರೆ ಅಂತ ಹಾಕಿದ ಗೆರೆ ಅದು. 21ರ ಕೆಳಗೆ ನರ ಕ್ಷೇಮ, ಮೇಲೆ ಅಪಾಯ ಅಂತ ಯಾವ ನರವೂ ಒಪ್ಪಂದ ಮಾಡಿಕೊಂಡಿಲ್ಲ. ಅಮ್ಮನ ಹಾಗೆ 17ರಲ್ಲೂ ನರ ಸವೆಯುವವರು ಇದ್ದಾರೆ. ನಾರ್ಮಲ್ ಟೆನ್ಷನ್ ಗ್ಲಾಕೋಮಾ ಅನ್ನುತ್ತಾರೆ, ಏಷ್ಯಾದ ಜನರಲ್ಲಿ ಇದು ಅಪರೂಪವೇನಲ್ಲ. ಹಾಗೇ 25, 26 ಇದ್ದೂ ನರ ಗಟ್ಟಿಯಾಗಿರುವವರೂ ಇದ್ದಾರೆ. ಅಮೆರಿಕದಲ್ಲಿ ಪ್ರೆಶರ್ ಜಾಸ್ತಿ ಇದ್ದ, ಆದರೆ ನರ ಚೆನ್ನಾಗಿದ್ದ 1,600ಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿ ಒಂದು ದೊಡ್ಡ ಅಧ್ಯಯನ ಮಾಡಿದರು, 2002ರಲ್ಲಿ ಅದರ ಫಲಿತಾಂಶ ಬಂತು. ಡ್ರಾಪ್ಸ್ ಹಾಕದವರಲ್ಲಿ ಐದು ವರ್ಷದಲ್ಲಿ ನೂರಕ್ಕೆ 9.5 ಜನರಿಗೆ ಗ್ಲಾಕೋಮಾ ಬಂತು, ಹಾಕಿದವರಲ್ಲಿ 4.4. ಒತ್ತಡ ಇಳಿಸಿದರೆ ಅಪಾಯ ಅರ್ಧಕ್ಕಿಂತ ಕಡಿಮೆಯಾಗುತ್ತದೆ ಅನ್ನುವುದು ಇದರಿಂದ ಖಚಿತವಾಯಿತು. ಜೊತೆಗೆ, ಏನೂ ಹಾಕದವರಲ್ಲೂ ನೂರಕ್ಕೆ ತೊಂಬತ್ತು ಜನರಿಗೆ ಆ ಐದು ವರ್ಷದಲ್ಲಿ ಏನೂ ಆಗಲಿಲ್ಲ. ಬರೀ ನಂಬರ್ ನೋಡಿ ಹೆದರುವುದೂ ತಪ್ಪು, ಬರೀ ನಂಬರ್ ನೋಡಿ ನಿಶ್ಚಿಂತೆಯಾಗುವುದೂ ತಪ್ಪು.

ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಎದ್ದು ಕಂಡಿತು. ಕಾರ್ನಿಯಾ ತೆಳುವಾಗಿದ್ದವರಿಗೆ ಅಪಾಯ ಜಾಸ್ತಿ. ಸಾಮಾನ್ಯವಾಗಿ ಕಾರ್ನಿಯಾದ ದಪ್ಪ 540 ಮೈಕ್ರಾನ್ ಆಸುಪಾಸು ಇರುತ್ತದೆ. ದಪ್ಪ ಇದ್ದರೆ ಒತ್ತಲು ಜಾಸ್ತಿ ಬಲ ಬೇಕು, ಹಾಗಾಗಿ ಪ್ರೆಶರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ತೆಳು ಇದ್ದರೆ ಕಡಿಮೆ ತೋರಿಸುತ್ತದೆ. ಬೆಂಗಳೂರಿನಲ್ಲಿ ಎಷ್ಟೊಂದು ಹುಡುಗ ಹುಡುಗಿಯರು ಕನ್ನಡಕ ತೆಗೆಸಲು ಲೇಸಿಕ್ ಮಾಡಿಸಿಕೊಂಡಿದ್ದಾರೆ. ಲೇಸಿಕ್ ಅಂದರೆ ಕಾರ್ನಿಯಾವನ್ನು ತೆಳು ಮಾಡುವುದೇ. ಹತ್ತು ಹದಿನೈದು ವರ್ಷ ಆದಮೇಲೆ ಬೇರೆ ಊರಿನಲ್ಲಿ, ಬೇರೆ ಡಾಕ್ಟರ ಹತ್ತಿರ ಪ್ರೆಶರ್ ನೋಡಿಸಿದಾಗ 14 ಬರಬಹುದು. ನಿಜವಾಗಿ ಅದು 14 ಆಗಿರಲಿಕ್ಕಿಲ್ಲ. ಲೇಸಿಕ್ ಆಗಿದೆ ಅಂತ ಪ್ರತಿ ಸಲವೂ ಬಾಯಿಬಿಟ್ಟು ಹೇಳಬೇಕು. ಆಪರೇಷನ್‌ಗೆ ಮುಂಚಿನ ದಪ್ಪದ ರಿಪೋರ್ಟ್ ಇದ್ದರೆ ಅದನ್ನು ಜೋಪಾನ ಮಾಡಬೇಕು. ಇವರಲ್ಲಿ ಹಲವರಿಗೆ ಮೊದಲು ಮೈನಸ್ ಪವರ್ ಜಾಸ್ತಿ ಇದ್ದಿರುತ್ತದೆ, ಅದೂ ಗ್ಲಾಕೋಮಾದ ಅಪಾಯ ಹೆಚ್ಚಿಸುತ್ತದೆ. ಕನ್ನಡಕ ಹೋದರೂ ಉದ್ದ ಎಳೆದ ಕಣ್ಣುಗುಡ್ಡೆ ಹಾಗೇ ಇರುತ್ತದಲ್ಲ.

ಪ್ರೆಶರ್ ದಿನವಿಡೀ ಏರಿಳಿಯುತ್ತದೆ ಅನ್ನುವುದನ್ನೂ ಮರೆಯಬಾರದು. ಮಲಗಿದಾಗ ಏರುತ್ತದೆ. ಶೀರ್ಷಾಸನ ಹಾಕಿದಾಗ ಸುಮಾರು ಎರಡು ಪಟ್ಟಾಗುತ್ತದೆ, ಯೋಗ ಮಾಡುವವರ ಮೇಲೇ ಅಳತೆ ಮಾಡಿ ನೋಡಿದ್ದಾರೆ. ಗ್ಲಾಕೋಮಾ ಇರುವವರು ತಲೆಕೆಳಗಾಗುವ ಆಸನಗಳನ್ನು ಬಿಡುವುದೇ ಒಳ್ಳೆಯದು. ಉಳಿದ ಯೋಗಕ್ಕೆ, ನಡಿಗೆಗೆ ಏನೂ ಅಡ್ಡಿಯಿಲ್ಲ.

ಇನ್ನು ನರ. ನನ್ನ ಪ್ರಕಾರ ಇಡೀ ಪರೀಕ್ಷೆಯಲ್ಲಿ ಬಿಡಲೇಬಾರದ್ದು ಇದು. ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕಿ ಅರ್ಧ ಗಂಟೆ ಕೂರಿಸುತ್ತಾರೆ. ಆಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಮಸುಕು, ಬಿಸಿಲಿಗೆ ಕಣ್ಣು ಬಿಡಲು ಆಗುವುದಿಲ್ಲ, ಸ್ಕೂಟರ್ ಓಡಿಸುವಂತಿಲ್ಲ. ಇದೇ ರಗಳೆ ಬೇಡ ಅಂತ ಎಷ್ಟೋ ಜನ "ಡ್ರಾಪ್ಸ್ ಬೇಡ ಡಾಕ್ಟರೇ, ನಂಬರ್ ಮಾತ್ರ ನೋಡಿ" ಅನ್ನುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ಒಂದು ಮಧ್ಯಾಹ್ನ ಹೋದರೆ ಹೋಗಲಿ.

ಡಾಕ್ಟರು ಸ್ಲಿಟ್ ಲ್ಯಾಂಪ್ ಅನ್ನುವ, ದೀಪ ಇರುವ ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, ಕೈಯಲ್ಲಿ ಒಂದು ಸಣ್ಣ ಮಸೂರ ಹಿಡಿದು ನೋಡುತ್ತಾರೆ. ನರದ ತಲೆ ಒಂದು ಕಿತ್ತಳೆ ಗುಲಾಬಿ ಬಣ್ಣದ ತಟ್ಟೆಯಾಗಿ ಕಾಣುತ್ತದೆ, ನಡುವೆ ಸ್ವಲ್ಪ ಬಿಳಿಚಿದ ತಗ್ಗು. ಆ ತಗ್ಗಿಗೆ ಕಪ್ ಅನ್ನುತ್ತಾರೆ, ಇಡೀ ತಟ್ಟೆಗೆ ಡಿಸ್ಕ್. ಎಳೆಗಳು ಹೋಗುವುದು ಸುತ್ತಲಿನ ಗುಲಾಬಿ ಅಂಚಿನಲ್ಲಿ. ಎಳೆಗಳು ಸತ್ತಂತೆ ಅಂಚು ತೆಳುವಾಗಿ ತಗ್ಗು ದೊಡ್ಡದಾಗುತ್ತದೆ. ರಿಪೋರ್ಟಿನಲ್ಲಿ 0.3, 0.6 ಅಂತ ಬರೆದಿರುವುದು ಇದೇ, ತಟ್ಟೆಯ ಅಗಲದಲ್ಲಿ ತಗ್ಗಿನ ಪಾಲು. 0.3 ಆಸುಪಾಸು ಸಾಮಾನ್ಯ. 0.6, 0.7 ಬಂದರೆ ಗಮನಿಸಬೇಕು. ಆದರೆ ಹುಟ್ಟಿನಿಂದಲೇ ತಟ್ಟೆ ದೊಡ್ಡದಿದ್ದರೆ ತಗ್ಗೂ ದೊಡ್ಡದೇ ಇರುತ್ತದೆ, ಅದು ಕಾಯಿಲೆಯಲ್ಲ. ಅದಕ್ಕೇ ಅನುಭವ ಇರುವ ಕಣ್ಣು ಬೇರೆ ಏನೇನೋ ನೋಡುತ್ತದೆ. ಎರಡು ಕಣ್ಣಿನ ನಡುವೆ 0.2ಕ್ಕಿಂತ ಜಾಸ್ತಿ ವ್ಯತ್ಯಾಸ ಇದೆಯಾ? ಕೆಳಗಿನ ಅಂಚು ಎಲ್ಲಕ್ಕಿಂತ ದಪ್ಪ ಇರಬೇಕು, ಹಾಗಿದೆಯಾ? ಅಂಚಿನ ಮೇಲೆ ಗೀರಿದ ಹಾಗೆ ಒಂದು ಸಣ್ಣ ರಕ್ತದ ಗೆರೆ ಇದೆಯಾ? ಆ ಗೆರೆ ಕೆಲವು ವಾರಗಳಲ್ಲಿ ಮಾಯವಾಗಿಬಿಡುತ್ತದೆ. ಕಂಡ ದಿನ ಕಂಡರೆ ಬಹಳ ದೊಡ್ಡ ಸುಳಿವು.

ಇಲ್ಲಿ ಒಂದು ಹಳೆಯ ಕಥೆ ಹೇಳಲೇಬೇಕು. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಒಳಗೆ ನೋಡುವ ಉಪಕರಣ ಕಂಡುಹಿಡಿದ. ಬದುಕಿರುವ ಮನುಷ್ಯನ ಕಣ್ಣಿನ ನರವನ್ನು ಡಾಕ್ಟರುಗಳು ಸರಿಯಾಗಿ ನೋಡತೊಡಗಿದ್ದು ಆಗ. ಗ್ಲಾಕೋಮಾ ಇರುವ ನರವನ್ನು ಅದರಲ್ಲಿ ನೋಡಿದ ಆ ಕಾಲದ ದೊಡ್ಡ ದೊಡ್ಡ ಡಾಕ್ಟರುಗಳು, ಫಾನ್ ಗ್ರೇಫೆಯಂಥವರು ಕೂಡ, ನರ ಉಬ್ಬಿದೆ ಅಂತ ಬರೆದರು. ಕೆಲವೇ ವರ್ಷಗಳಲ್ಲಿ ಅದು ಉಬ್ಬಲ್ಲ, ತಗ್ಗು ಅಂತ ಗೊತ್ತಾಗಿ ತಿದ್ದಿಕೊಂಡರು. ಒಂದೇ ಕಣ್ಣಿನಿಂದ ನೋಡುತ್ತಿದ್ದರು, ಆಳ ತಿಳಿಯುತ್ತಿರಲಿಲ್ಲ. ಇವತ್ತು ಡಾಕ್ಟರು ಎರಡೂ ಕಣ್ಣಿಟ್ಟು ನೋಡುವ ಸ್ಲಿಟ್ ಲ್ಯಾಂಪ್ ಯಾಕೆ ಬೇಕು, ಪಾಪೆ ಯಾಕೆ ಅಗಲ ಆಗಬೇಕು ಅನ್ನುವುದು ಈ ಕಥೆ ಓದಿದ ಮೇಲೆ ನನಗೆ ಸರಿಯಾಗಿ ಅರ್ಥವಾಯಿತು. ಆಳ ಕಾಣಬೇಕು.

ಆಮೇಲೆ ಫೀಲ್ಡ್ ಟೆಸ್ಟ್, ಅಂದರೆ ನೇರ ನೋಡುತ್ತಿರುವಾಗ ಸುತ್ತಲಿನದು ಎಷ್ಟು ಕಾಣುತ್ತದೆ ಅನ್ನುವ ಪರೀಕ್ಷೆ. ಇದನ್ನು ಮಾಡಿಸಿಕೊಂಡವರೆಲ್ಲ ಹೊರಗೆ ಬಂದು ನಿಟ್ಟುಸಿರು ಬಿಡುತ್ತಾರೆ. ಕತ್ತಲೆ ಕೋಣೆ. ಒಂದು ಕಣ್ಣಿಗೆ ಪಟ್ಟಿ. ಗದ್ದ ಇಟ್ಟು ಹಣೆ ಒತ್ತಿ ಒಂದು ದೊಡ್ಡ ಬಿಳಿ ಬೋಗುಣಿಯ ಒಳಗೆ ಮುಖ ಹಾಕಿ ಕೂರಬೇಕು. ನಟ್ಟನಡುವೆ ಒಂದು ಹಳದಿ ದೀಪ, ಅದನ್ನೇ ನೋಡುತ್ತಿರಬೇಕು. ಸುತ್ತ ಎಲ್ಲೆಲ್ಲೋ ಚುಕ್ಕೆ ಬೆಳಕು ಮಿಣುಕುತ್ತದೆ, ಕಂಡರೆ ಕೈಯಲ್ಲಿರುವ ಬಟನ್ ಒತ್ತಬೇಕು. ಸಾಮಾನ್ಯವಾಗಿ ಮಾಡುವ ಪರೀಕ್ಷೆಯಲ್ಲಿ 54 ಜಾಗ ನೋಡುತ್ತದೆ, ಒಂದೊಂದು ಜಾಗದಲ್ಲೂ ಬೆಳಕು ಕಡಿಮೆ ಮಾಡುತ್ತಾ ಮಾಡುತ್ತಾ ಎಷ್ಟು ಮಂದವಾದರೆ ನಿಮಗೆ ಕಾಣುವುದಿಲ್ಲ ಅನ್ನುವ ಅಂಚನ್ನು ಹುಡುಕುತ್ತದೆ. ಹಾಗಾಗಿ ಕಣ್ಣು ಎಷ್ಟೇ ಚೆನ್ನಾಗಿದ್ದರೂ ಸುಮಾರು ಅರ್ಧದಷ್ಟು ಚುಕ್ಕೆಗಳು ಕಾಣುವುದೇ ಇಲ್ಲ. ಇದನ್ನು ಮೊದಲೇ ಹೇಳದಿದ್ದರೆ ಜನ ಗಾಬರಿಯಾಗುತ್ತಾರೆ. ಅಯ್ಯೋ ಇಷ್ಟು ಹೊತ್ತು ಏನೂ ಕಾಣಲಿಲ್ಲವಲ್ಲ ಅಂತ ಸುಮ್ಮನೆ ಬಟನ್ ಒತ್ತತೊಡಗುತ್ತಾರೆ. ಮೆಷಿನ್ ಅದನ್ನೂ ಹಿಡಿಯುತ್ತದೆ. ಸುಳ್ಳು ಒತ್ತಿದ್ದೆಷ್ಟು, ಕಣ್ಣು ಆಡಿಸಿದ್ದೆಷ್ಟು ಅಂತ ಕಾಗದದ ಮೇಲೆ ಬರುತ್ತದೆ. ಅದು ಜಾಸ್ತಿ ಇದ್ದರೆ ಆ ರಿಪೋರ್ಟ್ ಪ್ರಯೋಜನವಿಲ್ಲ.

ಅಮ್ಮನಿಗೆ ಮೊದಲ ಸಲ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಈ ಪರೀಕ್ಷೆ ಆದಾಗ ಮಾಡಿಸಿದ ಹುಡುಗನಿಗೆ ಕನ್ನಡ ಬರುತ್ತಿರಲಿಲ್ಲ. ಅಮ್ಮನಿಗೆ ಹಿಂದಿ ಬರುವುದಿಲ್ಲ. ಬೆಳಕು ಎಲ್ಲಿ ಬರುತ್ತದೋ ಅಲ್ಲಿ ನೋಡಬೇಕು ಅಂತ ತಿಳಿದುಕೊಂಡು ಕಣ್ಣು ಆಡಿಸುತ್ತಾ ಕೂತಿದ್ದಳು. ಕಾಣದ ಜಾಗ ಕಪ್ಪಾಗಿ ಬರುವ ಆ ಕಾಗದ ತುಂಬಾ ಕಪ್ಪು. ಇನ್ನೊಂದು ಕಡೆ ಒಬ್ಬ ಹೆಣ್ಣುಮಗಳು "ಅಮ್ಮಾ, ನೀವು ನಡುವಿನ ದೀಪ ಬಿಟ್ಟು ಎಲ್ಲೂ ನೋಡಬೇಡಿ. ಎಷ್ಟೋ ಬೆಳಕು ಕಾಣಲ್ಲ, ಅದಕ್ಕೆ ಹೆದರಬೇಡಿ. ಸುಸ್ತಾದರೆ ಬಟನ್ ಒತ್ತಿ ಹಿಡ್ಕೊಳ್ಳಿ, ಮೆಷಿನ್ ನಿಲ್ಲತ್ತೆ" ಅಂತ ಹೇಳಿ ಮಾಡಿಸಿದಳು. ಕಪ್ಪು ಹೆಚ್ಚುಪಾಲು ಹೋಯಿತು. ಉಳಿದದ್ದು ಎಡಗಣ್ಣಿನಲ್ಲಿ ಮೂಗಿನ ಕಡೆ, ಮೇಲೆ, ಬಿಲ್ಲಿನ ಹಾಗೆ ಬಾಗಿದ ಒಂದು ನೆರಳು. ಡಾಕ್ಟರು ಅದನ್ನು ನರದ ಫೋಟೋ ಪಕ್ಕ ಇಟ್ಟು ತೋರಿಸಿದರು. ನರದ ಕೆಳ ಅಂಚು ತೆಳುವಾಗಿತ್ತು, ದೃಷ್ಟಿಯ ಮೇಲ್ಭಾಗ ಹೋಗಿತ್ತು. ಕಣ್ಣಿನಲ್ಲಿ ಚಿತ್ರ ತಲೆಕೆಳಗಾಗಿ ಬೀಳುವುದರಿಂದ ಕೆಳಗಿನ ಎಳೆಗಳು ಮೇಲಿನದನ್ನು ನೋಡುತ್ತವೆ. ಎರಡು ಬೇರೆ ಬೇರೆ ಪರೀಕ್ಷೆ ಒಂದೇ ಜಾಗದ ಕಡೆ ಬೆರಳು ತೋರಿಸಿದಾಗಲೇ ಕಾಯಿಲೆ ಇದೆ ಅಂತ ಗಟ್ಟಿಯಾಗಿ ಹೇಳಲು ಬರುವುದು. ನಮ್ಮ ಜನರಿಗೆ ನಮ್ಮ ಭಾಷೆಯಲ್ಲಿ ಹೇಳಿ ಈ ಪರೀಕ್ಷೆ ಮಾಡಿಸುವುದು ಸೌಜನ್ಯದ ಪ್ರಶ್ನೆಯಲ್ಲ, ರಿಪೋರ್ಟ್ ಸರಿ ಬರುವ ಪ್ರಶ್ನೆ. ಮನೆಯವರಾದರೂ ಮೊದಲೇ ಕೂರಿಸಿಕೊಂಡು ಹೇಳಿಕೊಡಬೇಕು.

ಫೀಲ್ಡ್ ಟೆಸ್ಟ್‌ನಲ್ಲಿ ನೆರಳು ಕಾಣುವ ಹೊತ್ತಿಗೆ ಎಳೆಗಳಲ್ಲಿ ಕಾಲು ಭಾಗವೋ ಅದಕ್ಕಿಂತ ಜಾಸ್ತಿಯೋ ಹೋಗಿರುತ್ತದೆ. ಅದಕ್ಕಿಂತ ಮುಂಚೆ ಹಿಡಿಯಲು ಓಸಿಟಿ ಇದೆ. 1991ರಲ್ಲಿ ಅಮೆರಿಕದ ಎಂಐಟಿಯ ತಂಡ ಇದನ್ನು ಜಗತ್ತಿಗೆ ತೋರಿಸಿತು. ಬೆಳಕನ್ನು ಕಣ್ಣಿನೊಳಗೆ ಬಿಟ್ಟು, ವಾಪಸ್ ಬಂದ ಬೆಳಕಿನಿಂದ ಪದರಗಳ ದಪ್ಪವನ್ನು ಮೈಕ್ರಾನ್ ಲೆಕ್ಕದಲ್ಲಿ ಹೇಳುತ್ತದೆ. ಕೆಲವೇ ಸೆಕೆಂಡಿನ ಕೆಲಸ, ಬಟನ್ ಒತ್ತುವ ಕಷ್ಟವಿಲ್ಲ. ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ರಿಪೋರ್ಟ್ ಬರುತ್ತದೆ. ಕೆಂಪು ಕಂಡ ಕೂಡಲೇ ಅಳುವುದು ಬೇಡ. ನಿಮ್ಮ ವಯಸ್ಸಿನ ಆರೋಗ್ಯವಂತರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಿಗೆ ಇಷ್ಟು ತೆಳು ಇರುತ್ತದೆ ಅಂತ ಅದರ ಅರ್ಥ, ಅಷ್ಟೇ. ಮೈನಸ್ ಪವರ್ ಜಾಸ್ತಿ ಇರುವವರ ಕಣ್ಣು ಉದ್ದ, ಪದರದ ಲೆಕ್ಕ ಬೇರೆ, ಕಾಯಿಲೆ ಇಲ್ಲದೆಯೂ ಕೆಂಪು ಬರುತ್ತದೆ. ಹಸಿರು ಬಂದರೂ ಪೂರ್ತಿ ನಿಶ್ಚಿಂತೆಯಲ್ಲ. ಮೊದಲು ದಪ್ಪವಿದ್ದದ್ದು ಸವೆದು ಸವೆದು ಇನ್ನೂ ಹಸಿರಿನಲ್ಲೇ ಇರಬಹುದು.

ಇಷ್ಟು ಹೊತ್ತು ಹೇಳಿದ್ದು ನಿಧಾನದ ಗ್ಲಾಕೋಮಾ. ಇನ್ನೊಂದು ಜಾತಿ ಇದೆ, ಅದು ಸದ್ದು ಮಾಡಿಕೊಂಡೇ ಬರುತ್ತದೆ, ಆದರೂ ನಮ್ಮ ಮನೆಗಳಲ್ಲಿ ಅದನ್ನು ಗುರುತಿಸುವುದಿಲ್ಲ. ನನ್ನ ಚಿಕ್ಕಮ್ಮನಿಗೆ ಸಂಜೆ ಹೊತ್ತು ಅರೆತಲೆನೋವು ಬಂದು ವಾಂತಿಯಾಗುತ್ತಿತ್ತು. ಪಿತ್ತ ಅಂತ ಎಲ್ಲರೂ ತೀರ್ಮಾನ ಮಾಡಿದ್ದರು. ಜೀರಿಗೆ ಕಷಾಯ, ನಿಂಬೆಹಣ್ಣಿನ ಪಾನಕ, ಕತ್ತಲೆ ಕೋಣೆಯಲ್ಲಿ ಮಲಗುವುದು. ಬಲ್ಬಿನ ಸುತ್ತ ಬಣ್ಣಬಣ್ಣದ ಉಂಗುರ ಕಾಣುತ್ತದೆ ಅಂತ ಅವಳು ಹೇಳುತ್ತಿದ್ದದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಕೆಲವರ ಕಣ್ಣಿನಲ್ಲಿ ದ್ರವ ಹೊರಗೆ ಹೋಗುವ ಆ ಮೂಲೆ, ಆ್ಯಂಗಲ್, ಹುಟ್ಟಿನಿಂದಲೇ ಇಕ್ಕಟ್ಟು. ವಯಸ್ಸಾದಂತೆ ಒಳಗಿನ ಲೆನ್ಸ್ ದಪ್ಪವಾಗಿ ಐರಿಸನ್ನು ಮುಂದೆ ದಬ್ಬುತ್ತದೆ. ಮಬ್ಬು ಬೆಳಕಿನಲ್ಲಿ ಪಾಪೆ ಅಗಲವಾದಾಗ ಮೂಲೆ ಮುಚ್ಚಿಕೊಂಡು ಒತ್ತಡ ಒಮ್ಮೆಗೇ 40, 50ಕ್ಕೆ ಹಾರುತ್ತದೆ. ಕಣ್ಣು ಕೆಂಪಾಗುತ್ತದೆ, ಮಂಜು ಕವಿಯುತ್ತದೆ, ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ. ಅದು ಹೊಟ್ಟೆಯ ಕಾಯಿಲೆಯಲ್ಲ. ಅವತ್ತೇ, ಆ ಗಂಟೆಯೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಹೆಂಗಸರಲ್ಲಿ, ಪ್ಲಸ್ ಪವರ್ ಕನ್ನಡಕ ಹಾಕುವವರಲ್ಲಿ ಇದು ಜಾಸ್ತಿ. ಕೆಲವು ನೆಗಡಿ ಮಾತ್ರೆಗಳೂ ಇಂಥ ಕಣ್ಣಿನಲ್ಲಿ ಇದನ್ನು ಕೆರಳಿಸುತ್ತವೆ.

ಈ ಮೂಲೆ ಹೊರಗಿನಿಂದ ನೇರವಾಗಿ ಕಾಣುವುದಿಲ್ಲ. ಅಲ್ಲಿಂದ ಬರುವ ಬೆಳಕು ಕಾರ್ನಿಯಾದ ಒಳಗೇ ತಿರುಗಿ ಹೋಗುತ್ತದೆ. ಅದಕ್ಕೆ ಕನ್ನಡಿಗಳಿರುವ ಒಂದು ಸಣ್ಣ ಲೆನ್ಸನ್ನು ಕಣ್ಣಿನ ಮೇಲೆ ಇಟ್ಟು ನೋಡುತ್ತಾರೆ, ಗೋನಿಯೋಸ್ಕೋಪಿ ಅಂತ. ಒಂದು ನಿಮಿಷದ ಕೆಲಸ, ನೋವಿಲ್ಲ, ಆದರೂ ಎಷ್ಟೋ ಕಡೆ ಮಾಡುವುದಿಲ್ಲ. ಚಿಕ್ಕಮ್ಮನಿಗೆ ಇದರಲ್ಲೇ ಗೊತ್ತಾಗಿದ್ದು. ಐರಿಸಿನಲ್ಲಿ ಲೇಸರಿಂದ ಸೂಜಿಮೊನೆಯಷ್ಟು ತೂತು ಮಾಡಿ ದ್ರವಕ್ಕೆ ಅಡ್ಡದಾರಿ ಮಾಡಿಕೊಟ್ಟರು. ಎರಡೂ ಕಣ್ಣಿಗೆ, ಯಾಕೆ ಅಂದರೆ ಒಂದರ ಮೂಲೆ ಇಕ್ಕಟ್ಟಾಗಿದ್ದರೆ ಇನ್ನೊಂದರದೂ ಹಾಗೇ ಇರುತ್ತದೆ. ಪಿತ್ತ ಆಮೇಲೆ ಬರಲಿಲ್ಲ.

ಎರಡು ವಿಷಯ ಬೇಗ ಹೇಳಿಬಿಡುತ್ತೇನೆ, ಆದರೆ ಎರಡೂ ಮುಖ್ಯ. ಕಣ್ಣು ಕೆರೆತ, ಕೆಂಪು ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡ್ರಾಪ್ಸ್‌ನಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಲೇಬಲ್ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್ ಅಂತ ಇದ್ದರೆ ಅದೇ. ಎರಡು ದಿನದಲ್ಲಿ ಕೆಂಪು ಹೋಗುತ್ತದೆ, ಹಾಗಾಗಿ ಮತ್ತೆ ಮತ್ತೆ ತರುತ್ತಾರೆ, ಅದರಲ್ಲೂ ಅಲರ್ಜಿ ಇರುವ ಮಕ್ಕಳಿಗೆ. ಕೆಲವರಲ್ಲಿ ಕೆಲವೇ ವಾರದಲ್ಲಿ ಪ್ರೆಶರ್ ಏರುತ್ತದೆ, ತಿಂಗಳುಗಟ್ಟಲೆ ಹಾಕಿದರೆ ಮಗುವಿನ ನರವೇ ಹೋಗುತ್ತದೆ. ತಪ್ಪಿಸಬಹುದಾದ ಕುರುಡುತನ ಇದು. ಇನ್ನೊಂದು, ಹುಟ್ಟಿದ ಕೂಸಿನ ಕಣ್ಣು ತೀರಾ ದೊಡ್ಡದಾಗಿ ಕಂಡರೆ ನಾವು ಚೆಂದ ಅಂತ ದೃಷ್ಟಿ ತೆಗೆಯುತ್ತೇವೆ. ಆ ಕಣ್ಣಿನಲ್ಲಿ ಸದಾ ನೀರು, ಬೆಳಕು ಕಂಡರೆ ಮುಖ ತಿರುಗಿಸುವುದು, ಕರಿಗುಡ್ಡೆಯ ಮೇಲೆ ಮಸುಕು ಇದ್ದರೆ ತಡ ಮಾಡಬಾರದು. ಮಕ್ಕಳಿಗೆ ಹುಟ್ಟಿನಿಂದ ಬರುವ ಗ್ಲಾಕೋಮಾ ಹಾಗೇ ಕಾಣುವುದು. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗುವ ನಮ್ಮ ಕಡೆಯ ಮನೆತನಗಳಲ್ಲಿ ಇದರ ಸಾಧ್ಯತೆ ಜಾಸ್ತಿ.

ಗ್ಲಾಕೋಮಾವನ್ನು ಜನರಿಗೆ ಅರ್ಥ ಮಾಡಿಸುವುದು ಯಾಕೆ ಕಷ್ಟ ಅಂತ ಯೋಚಿಸಿದಾಗ ನನಗೆ ಡಾಕ್ಟರ್ ಎಂ.ಸಿ. ಮೋದಿಯವರ ನೆನಪಾಗುತ್ತದೆ. ಊರೂರಿಗೆ ಹೋಗಿ ಕ್ಯಾಂಪ್ ಹಾಕಿ ಲಕ್ಷಾಂತರ ಜನರ ಪೊರೆ ತೆಗೆದ ಪುಣ್ಯಾತ್ಮರು. ನಮ್ಮ ಅಜ್ಜಿಯ ಕಾಲದವರಿಗೆ ಕಣ್ಣಿನ ಡಾಕ್ಟರ್ ಅಂದರೆ ಅವರೇ. ಆ ನೆನಪಿನಲ್ಲಿ ಕಣ್ಣಿನ ಚಿಕಿತ್ಸೆ ಅಂದರೆ ಹೋದ ದೃಷ್ಟಿ ವಾಪಸ್ ಬರುವುದು, ಪಟ್ಟಿ ಬಿಚ್ಚಿದ ಕೂಡಲೇ ಮೊಮ್ಮಗನ ಮುಖ ಕಾಣುವುದು. ಗ್ಲಾಕೋಮಾದಲ್ಲಿ ಅಂಥ ದಿನ ಬರುವುದೇ ಇಲ್ಲ. ಡ್ರಾಪ್ಸ್, ಲೇಸರ್, ಆಪರೇಷನ್ ಎಲ್ಲವೂ ಒತ್ತಡ ಇಳಿಸಿ ಉಳಿದದ್ದನ್ನು ಕಾಯುವುದಕ್ಕೆ. ಹಾಕಿದರೂ ಹಾಗೇ ಕಾಣುತ್ತದೆ, ಬಿಟ್ಟರೂ ಹಾಗೇ ಕಾಣುತ್ತದೆ. ಆರು ತಿಂಗಳಾದ ಮೇಲೆ ಎಷ್ಟೋ ಜನ ಬಿಟ್ಟುಬಿಡುತ್ತಾರೆ.

ಕಣ್ಣು ದಾನ ತೆಗೆದುಕೊಂಡು ಹಾಕಿಸಬಹುದಲ್ಲ ಅಂತ ನಮ್ಮ ಊರಿನಲ್ಲಿ ಕೇಳಿದವರಿದ್ದಾರೆ. ಡಾ. ರಾಜ್‌ಕುಮಾರ್ 2006ರಲ್ಲಿ, ಪುನೀತ್ 2021ರಲ್ಲಿ ಕಣ್ಣು ದಾನ ಮಾಡಿದ ಮೇಲೆ ಕರ್ನಾಟಕದಲ್ಲಿ ನೇತ್ರದಾನದ ಬಗ್ಗೆ ಗೊತ್ತಿಲ್ಲದ ಮನೆಯೇ ಇಲ್ಲ, ಅದು ಬಹಳ ದೊಡ್ಡ ವಿಷಯ. ಪುನೀತ್ ಅವರ ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಆದರೆ ಬದಲಿಸಲು ಬರುವುದು ಕಾರ್ನಿಯಾ ಮಾತ್ರ, ಮುಂದಿನ ಆ ಪಾರದರ್ಶಕ ಪದರ. ಹಿಂದಿನ ನರವನ್ನು ಕತ್ತರಿಸಿ ಜೋಡಿಸಿ ದೃಷ್ಟಿ ತರುವುದು ಇವತ್ತಿಗೆ ಯಾರಿಂದಲೂ ಸಾಧ್ಯವಾಗಿಲ್ಲ. ಬೇಗ ಹಿಡಿಯಿರಿ ಅಂತ ಇಷ್ಟು ಒತ್ತಾಯ ಮಾಡುತ್ತಿರುವುದು ಅದಕ್ಕೇ.

ನನ್ನ ಕಣ್ಣಿನ ರಿಪೋರ್ಟಿನಲ್ಲಿ ಗ್ಲಾಕೋಮಾ ಸಸ್ಪೆಕ್ಟ್ ಅಂತ ಬರೆದಿದೆ. ಔಷಧ ಇಲ್ಲ. ಪ್ರೆಶರ್ ಸರಿ, ಫೀಲ್ಡ್ ಸರಿ, ತಗ್ಗು ಸ್ವಲ್ಪ ದೊಡ್ಡದು, ಅಮ್ಮನಿಗೆ ಕಾಯಿಲೆ ಇದೆ. ವರ್ಷಕ್ಕೊಮ್ಮೆ ಬನ್ನಿ ಅಂದಿದ್ದಾರೆ. ಈ ಕಾಯಿಲೆಯಲ್ಲಿ ಬೇಗ ಹಿಡಿಯುವುದು ಅಂದರೆ ಹೆಚ್ಚಿನ ಸಲ ಹೀಗೇ ಇರುತ್ತದೆ. ಇವತ್ತಿನ ಫೋಟೋ, ಇವತ್ತಿನ ಫೀಲ್ಡ್, ಇವತ್ತಿನ ಓಸಿಟಿ ಇಟ್ಟುಕೊಂಡು, ಮುಂದೆ ಏನು ಬದಲಾಗುತ್ತದೆ ನೋಡುವುದು. ಅದಕ್ಕೇ ಹಳೆಯ ಕಾಗದಗಳು ಚಿನ್ನ. ಡಾಕ್ಟರ್ ಬದಲಾದರೂ, ಊರು ಬದಲಾದರೂ ಫೈಲ್ ಜೊತೆಗಿರಬೇಕು. ಸಾಧ್ಯವಾದರೆ ಅದೇ ಮೆಷಿನ್‌ನಲ್ಲಿ ಮಾಡಿಸಬೇಕು, ಬೇರೆ ಕಂಪನಿಯ ಓಸಿಟಿಯ ಮೈಕ್ರಾನ್ ಲೆಕ್ಕ ಇದಕ್ಕೆ ತಾಳೆಯಾಗುವುದಿಲ್ಲ.

40 ದಾಟಿದ್ದರೆ ಒಮ್ಮೆ ಪಾಪೆ ಅಗಲ ಮಾಡಿಸಿ ನರ ನೋಡಿಸಿ. ಅಪ್ಪ, ಅಮ್ಮ, ಅಣ್ಣ, ಅಕ್ಕ, ತಮ್ಮ, ತಂಗಿ ಇವರಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ 40ಕ್ಕೆ ಕಾಯಬೇಡಿ, ನಿಮಗೆ ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಜಾಸ್ತಿ. ಹೋದಾಗ ಮನೆತನದ ವಿಷಯ, ಲೇಸಿಕ್ ವಿಷಯ, ಹಾಕುತ್ತಿರುವ ಸ್ಟೀರಾಯ್ಡ್ ಕ್ರೀಮು, ಇನ್ಹೇಲರ್ ವಿಷಯ ನೀವೇ ಹೇಳಿ. ನರ ಹೇಗಿದೆ ಡಾಕ್ಟರೇ, ಆ್ಯಂಗಲ್ ನೋಡಿದ್ರಾ ಅಂತ ಕೇಳಿ. ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ಈಗಾಗಲೇ ಡ್ರಾಪ್ಸ್ ಹಾಕುತ್ತಿರುವವರು ಒಂದೇ ಹನಿ ಹಾಕಿ, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಎರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ, ಔಷಧ ಗಂಟಲಿಗೆ ಇಳಿಯದೆ ಕಣ್ಣಿನಲ್ಲೇ ಉಳಿಯುತ್ತದೆ. ಎರಡು ಬಾಟಲ್ ಇದ್ದರೆ ನಡುವೆ ಐದು ನಿಮಿಷ ಬಿಡಿ. ಉಬ್ಬಸ ಇರುವವರು, ಟಿಮೋಲಾಲ್ ಅನ್ನುವ ಡ್ರಾಪ್ಸ್ ಬರೆದಿದ್ದರೆ, ಉಬ್ಬಸದ ವಿಷಯ ಡಾಕ್ಟರಿಗೆ ಹೇಳದೆ ಹಾಕಬೇಡಿ. ಅಮ್ಮ ರಾತ್ರಿ ಒಂಬತ್ತರ ವಾರ್ತೆ ಶುರುವಾದಾಗ ಹಾಕುತ್ತಾಳೆ, ಆ ಹೊತ್ತಿಗೆ ನಾನು ಫೋನ್ ಮಾಡಿ ಕೇಳುತ್ತೇನೆ. ದುಬೈನಲ್ಲಿರುವ ತಮ್ಮನಿಗೆ ಇನ್ನೂ ಕಣ್ಣು ತೋರಿಸಿ ಆಗಿಲ್ಲ. ಈ ಸಲ ರಜೆಗೆ ಬಂದಾಗ ಶಿವಮೊಗ್ಗದ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ, ಸ್ಕೂಟರ್ ನಾನೇ ಓಡಿಸುತ್ತೇನೆ ಅಂತ ಹೇಳಿಟ್ಟಿದ್ದೇನೆ.